ಒಂದು ಡೆಕ್ಕಿಗೆ ಎರಡು ನಕ್ಷೆ

ಏಪ್ರಿಲ್ 12, ಶನಿವಾರ

ಹಿತ್ತಲ ಮೆಟ್ಟಿಲು ಇವತ್ತು ಕೊನೆಗೂ ನನ್ನನ್ನು ಕೆಡವಿತು. ದೊಡ್ಡದೇನಲ್ಲ. ಹಲಗೆ ಕಾಲ ಕೆಳಗೇ ಪುಡಿಯಾಯಿತು, ಕಸದ ಚೀಲದ ಸಮೇತ ಹೋಗಿ ಕೆಸರಿನಲ್ಲಿ ಕುಳಿತೆ. ನನ್ನ ಗಂಡ ಗೋರ್ಡಿ ಹೊಡೆದ ಮೆಟ್ಟಿಲು ಅದು. ಯಾವ ಕಚೇರಿಯನ್ನೂ ಕೇಳದೆ, ಒಂದು ಭಾನುವಾರ ಬಿಯರ್ ಕುಡಿಯುತ್ತ ಮಾಡಿ ಮುಗಿಸಿದ್ದ. ಅವನು ಹೋಗಿ ಆರು ವರ್ಷವಾಯಿತು, ಮೆಟ್ಟಿಲು ಅವನಿಗಿಂತ ಗಟ್ಟಿಯಾಗಿತ್ತು ಎನ್ನಬೇಕು.

ಬೇಲಿಯಾಚೆ ಲ್ಯೂಬಾ ಬಟ್ಟೆ ಹರವುತ್ತಿದ್ದಳು. ಎತ್ತಲು ಬರುವ ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅಷ್ಟು ವರ್ಷ ಸ್ಕೂಲ್ ಬಸ್ ಓಡಿಸಿದೋಳು, ಮೆಟ್ಟಿಲು ಇಳಿಯೋಕೆ ಬರಲ್ವೇನೇ ನಿನಗೆ?"

"ನಿಮ್ಮನೆ ಮೆಟ್ಟಿಲೇನು ಚಿನ್ನದ್ದಾ? ಅದೂ ಇವತ್ತೋ ನಾಳೆಯೋ ಅಂತಿದೆ."

ಅವಳು ತನ್ನ ಮೆಟ್ಟಿಲನ್ನು ಕಾಲಿನಿಂದ ಒತ್ತಿ ನೋಡಿದಳು. ಅದು ಕಿರ್ರೆಂದಿತು. "ಹಾಗಾದ್ರೆ ಇಬ್ಬರೂ ಸೇರಿ ಒಂದೇ ಡೆಕ್ ಹಾಕಿಸೋಣ ಕಣೇ, ಮರದ ಜಗಲಿ. ನಿನ್ನ ಬಾಗಿಲಿಂದ ನನ್ನ ಬಾಗಿಲವರೆಗೆ. ಮಧ್ಯೆ ಈ ದರಿದ್ರ ತಂತಿ ಬೇಲಿ ಬೇಡ."

ಅಂದವಳು ಅವಳು. ನಾನಲ್ಲ. ಇದನ್ನು ಇಲ್ಲಿ ಬರೆದಿಡುತ್ತೇನೆ, ಏಕೆಂದರೆ ಎರಡು ದಿನ ಬಿಟ್ಟು ಎಲ್ಲವೂ ನನ್ನ ಹುಚ್ಚು ಎನ್ನುತ್ತಾಳೆ, ಅವಳ ಸ್ವಭಾವ ನನಗೆ ಗೊತ್ತು.

ನಮ್ಮದು ಒಂದೇ ಇಟ್ಟಿಗೆ ಮನೆ, ನಡುವೆ ಒಂದು ಗೋಡೆ. ಅರ್ಧ ನನ್ನದು, ಅರ್ಧ ಲ್ಯೂಬಾ ಮತ್ತು ಅವಳ ಗಂಡ ಓರೆಸ್ಟನದು. ಅವರ ಗಡಿಯಾರ ಹೊಡೆದರೆ ನನ್ನ ಮನೆಯಲ್ಲಿ ಗಂಟೆ ಎಷ್ಟೆಂದು ಗೊತ್ತಾಗುತ್ತದೆ. ಊಟವಾದ ಮೇಲೆ ಚಹಾ ಹಿಡಿದು ನಾನು ನನ್ನ ಮೆಟ್ಟಿಲ ಮೇಲೆ, ಅವಳು ಅವಳ ಮೆಟ್ಟಿಲ ಮೇಲೆ ಕೂತು, ಸೊಳ್ಳೆ ಓಡಿಸುವ ತನಕ ಮಾತಾಡುತ್ತೇವೆ. ಗೋರ್ಡಿ ಹೋದ ವರ್ಷ ನನ್ನ ತಲೆ ಕೆಡದೆ ಉಳಿದದ್ದು ಆ ಸಂಜೆಗಳಿಂದ. ಈಗಲೂ ಅಷ್ಟೇ. ನನಗೆ ಮಾತಾಡುವುದಕ್ಕೆ ಇರುವವಳು ಅವಳೊಬ್ಬಳು. ಉಳಿದವರೆಲ್ಲ ಕೇಳಿಸಿಕೊಳ್ಳುವುದಕ್ಕೆ ಇರುವವರು.

ಏಪ್ರಿಲ್ 21, ಸೋಮವಾರ

ನಕ್ಷೆ ಬರೆಯುವ ಹೆಂಗಸು ಬಂದಿದ್ದಳು. ಹೆಸರು ಜಿಸೆಲ್. ಕೂದಲಲ್ಲಿ ಪೆನ್ಸಿಲು ಸಿಕ್ಕಿಸಿಕೊಂಡು, ಅದನ್ನೇ ಚೀಲದಲ್ಲಿ ಹುಡುಕುವ ಪೈಕಿ. ಅಂಗಡಿಯಲ್ಲಿ ಸಿಗುವ ಸಿದ್ಧ ನಕ್ಷೆ ನಮಗೆ ನಡೆಯುವುದಿಲ್ಲವಂತೆ. ಎರಡು ಮನೆ, ಎರಡು ಬಾಗಿಲು, ನಡುವೆ ಇಳಿಜಾರು, ಎಲ್ಲವನ್ನೂ ಅಳೆದೇ ಬರೆಯಬೇಕಂತೆ. ಟೇಪಿನ ಒಂದು ತುದಿ ನನ್ನ ಕೈಗೆ ಕೊಟ್ಟು, ಇನ್ನೊಂದು ತುದಿ ಹಿಡಿದು ಲ್ಯೂಬಾಳ ಅಂಗಳದವರೆಗೆ ಹೋದಳು.

"ಕಂಬದ ಗುಂಡಿ ನಾಲ್ಕಡಿ ಆಳ ಹೋಗ್ಬೇಕು. ಇಲ್ಲಾಂದ್ರೆ ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟಿ ಕಂಬಾನ ಮೇಲಕ್ಕೆ ತಳ್ಳುತ್ತೆ. ಅದನ್ನ ನಕ್ಷೆಲಿ ತೋರಿಸದೆ ಇದ್ರೆ ಪರವಾನಗಿ ಕೊಡೋ ಕಚೇರಿಯವರು ಕೈಯಲ್ಲಿ ಮುಟ್ಟೋದೂ ಇಲ್ಲ."

ಮೆಟ್ಟಿಲು ಎಲ್ಲಿ ಎಂಬುದಕ್ಕೆ ನನಗೂ ಲ್ಯೂಬಾಗೂ ಜಗಳ. ಅವಳಿಗೆ ನಟ್ಟನಡುವೆ ಬೇಕು, ಚರ್ಚಿನ ಹಾಗೆ. ನಡುವೆ ಇಟ್ಟರೆ ಹಿಮ ಎತ್ತುವುದು ಯಾರು ಎಂದೆ. ಕೊನೆಗೆ ಎರಡೂ ತುದಿಗೆ ಒಂದೊಂದು ಎಂದಾಯಿತು.

"ಮಧ್ಯೆ ಏನೂ ಬೇಡ್ವಾ? ನಿಜ ತಾನೆ?" ಎಂದಳು ಜಿಸೆಲ್. "ಆಮೇಲೆ ಕಿತ್ತಾಡೋರನ್ನ ಬೇಕಾದಷ್ಟು ನೋಡಿದೀನಿ."

ಲ್ಯೂಬಾ ನನ್ನ ಹೆಗಲ ಮೇಲೆ ಕೈ ಹಾಕಿದಳು. "ಇಷ್ಟು ವರ್ಷ ಆಡದೆ ಇದ್ದ ಜಗಳ ಇನ್ನೇನು ಆಡ್ತೀವಿ, ಬರ್ಕೊಳ್ಳಿ."

ಈಸ್ಟರ್‌ಗೆ ಲ್ಯೂಬಾ ಮಾಡುವ ಎತ್ತರದ ಸಿಹಿ ಬ್ರೆಡ್ಡು, ಪಾಸ್ಕಾ, ಈ ಸಲ ನಡುವೆ ಹಸಿ ಉಳಿದಿತ್ತು. ಬೇಕರಿಯಲ್ಲಿ ಕೆಲಸ ಮಾಡುವವಳು. ತಮಾಷೆ ಮಾಡಿದೆ. ಒಲೆಯ ಮುಂದೆ ನಿಲ್ಲಲು ಆಗಲಿಲ್ಲ ಎಂದಳು, ಏಕೆ ಎನ್ನಲಿಲ್ಲ.

ಏಪ್ರಿಲ್ 27, ಭಾನುವಾರ

ಓರೆಸ್ಟ್‌ನ ಮೇಲೆ ಮೈಯೆಲ್ಲ ಉರಿಯುತ್ತಿದೆ. ಬೆಳಿಗ್ಗೆ ಬೇಲಿಯ ಹತ್ತಿರ ಬಂದು, "ಡೋರೀನ್, ಗೋರ್ಡಿ ಎದ್ದಿದಾನಾ? ಏಣಿ ಬೇಕಿತ್ತು" ಎಂದ.

ಗೋರ್ಡಿಯ ಶವಪೆಟ್ಟಿಗೆಗೆ ಹೆಗಲು ಕೊಟ್ಟವನು ಇವನು. ಇಂಥ ತಮಾಷೆಯೂ ಉಂಟೇ? ಬಾಯಿಗೆ ಬಂದದ್ದನ್ನು ಅಂದುಬಿಡುತ್ತಿದ್ದೆ, ಅಷ್ಟರಲ್ಲಿ ಲ್ಯೂಬಾ ಒಳಗಿಂದ ಬಂದು ತೋಳು ಹಿಡಿದು ಎಳೆದುಕೊಂಡು ಹೋದಳು. ಒಂದು ಕ್ಷಮೆಯ ಮಾತೂ ಇಲ್ಲ. ಕುಡಿಯಲು ಶುರು ಮಾಡಿದ್ದಾನೆ, ಬೇರೇನೂ ಅಲ್ಲ. ಬೆಳಗಿನ ಹೊತ್ತಿಗೇ. ಉಕ್ಕಿನ ಕಾರ್ಖಾನೆಯಿಂದ ನಿವೃತ್ತರಾದ ಗಂಡಸರ ಕಥೆಯೇ ಇಷ್ಟು. ಕ್ರೇನಿನಿಂದ ಇಳಿದವರು ನೇರ ಬಾಟಲಿಗೆ ಇಳಿಯುತ್ತಾರೆ.

ಮೇ 1, ಗುರುವಾರ

ರಾತ್ರಿ ಇಬ್ಬನಿ ಹೆಪ್ಪುಗಟ್ಟಿತ್ತು. ಓರೆಸ್ಟನ ಟೊಮೇಟೊ ಸಸಿಗಳೆಲ್ಲ ಬೇಯಿಸಿದ ಸೊಪ್ಪಿನ ಹಾಗೆ ನೆಲಕ್ಕೆ ಅಂಟಿಕೊಂಡಿವೆ. ಮೇ ಮೂರನೇ ವಾರ ರಾಣಿಯ ಹುಟ್ಟುಹಬ್ಬದ ರಜೆ ಬರುವವರೆಗೆ ಟೊಮೇಟೊ ನೆಡಬಾರದು ಎಂದು ಈ ಊರಿನಲ್ಲಿ ಅಂಬೆಗಾಲಿಡುವ ಮಗುವಿಗೂ ಗೊತ್ತು. ಅದನ್ನು ನನಗೂ ಗೋರ್ಡಿಗೂ ಹೇಳಿಕೊಟ್ಟವನೇ ಇವನು. ಒಮ್ಮೆ ನಾನು ಎರಡು ದಿನ ಮೊದಲು ನೆಟ್ಟಿದ್ದಕ್ಕೆ ಇಡೀ ಬೇಸಿಗೆ ಹಂಗಿಸಿದ್ದ. ಈಗ ಏಪ್ರಿಲಿನಲ್ಲೇ ಸಾಲಾಗಿ ನೆಟ್ಟಿದ್ದಾನೆ.

ಲ್ಯೂಬಾ ಸಸಿ ಕೀಳುತ್ತಿದ್ದಳು. ಬೇಲಿಯ ಹತ್ತಿರ ಹೋದೆ. ಅವಳ ಕಣ್ಣು ಕೆಂಪಗಿತ್ತು.

"ನೆಟ್ಟಿದ್ದು ಯಾವಾಗ ಅಂತ ಅವರಿಗೇ ಗೊತ್ತಿಲ್ಲ, ಡೋರೀನ್," ಎಂದಳು. "ನಿನಗೊಬ್ಬಳಿಗೆ ಹೇಳ್ತಿದೀನಿ. ಯಾರಿಗೂ ಹೇಳ್ಬೇಡ ಕಣೇ."

"ಟೊಮೇಟೊ ತಾನೆ, ಬಿಡೇ. ಅಂಗಡೀಲಿ ಸಸಿ ಸಿಗುತ್ತೆ."

ಇನ್ನೂ ಏನೋ ಹೇಳುವವಳ ಹಾಗೆ ನಿಂತಿದ್ದಳು. ಆಮೇಲೆ ಬುಟ್ಟಿ ಎತ್ತಿಕೊಂಡು ಹೋದಳು. ಟೊಮೇಟೊಗೆ ಇಷ್ಟೊಂದು ಗುಟ್ಟೇ?

ಮೇ 3, ಶನಿವಾರ

ನಿನ್ನೆ ಮಾಜಿ ಸೈನಿಕರ ಕ್ಲಬ್ಬು, ಲೀಜನ್ ಹಾಲಿನಲ್ಲಿ ಶುಕ್ರವಾರದ ಮೀನೂಟ. ಪ್ರತಿ ವಾರ ಅಲ್ಲಿ ಸಿಗುವ ವರ್ನಾ ಪಕ್ಕದಲ್ಲಿ ಜಾಗ ಹಿಡಿದಿದ್ದಳು. ಓರೆಸ್ಟ್ ಏಪ್ರಿಲಿನಲ್ಲಿ ಟೊಮೇಟೊ ನೆಟ್ಟ ಕಥೆ ಹೇಳಿದೆ, ಸ್ವಲ್ಪ ಉಪ್ಪು ಖಾರ ಹಚ್ಚಿ. ಕೈಯಲ್ಲಿ ಬಾಟಲಿ ಹಿಡಿದು ಸಾಲು ಹಾಕುವಂತೆ ನಟಿಸಿ ತೋರಿಸಿದೆ. ಇಡೀ ಮೇಜು ಬಿದ್ದು ಬಿದ್ದು ನಕ್ಕಿತು. ವರ್ನಾಳಿಗಂತೂ ಕೆಮ್ಮು ಹತ್ತಿ ನೀರು ಕುಡಿಸಬೇಕಾಯಿತು. ಬಹಳ ದಿನಗಳ ಮೇಲೆ ಅಷ್ಟು ಖುಷಿಯಾಗಿ ಕೂತಿದ್ದೆ. ಮೀನೂ ಗರಿಗರಿಯಾಗಿತ್ತು.

ಮೇ 20, ಮಂಗಳವಾರ

ನಕ್ಷೆ ಬಂತು. ದೊಡ್ಡ ಹಾಳೆ. ಅಡುಗೆಮನೆ ಮೇಜಿನ ಮೇಲೆ ಹಾಸಿದರೆ ಎರಡೂ ಬದಿ ಇಳಿಬೀಳುತ್ತದೆ. ಮೇಲಿನಿಂದ ನೋಡಿದರೆ ಹೇಗೆ, ಪಕ್ಕದಿಂದ ನೋಡಿದರೆ ಹೇಗೆ, ಕಂಬ ಎಷ್ಟು ದಪ್ಪ, ರೇಲಿಂಗಿನ ಸಂದು ಎಷ್ಟು ಕಿರಿದು, ಎಲ್ಲವೂ ಇದೆ. ನಡುವೆ ಜಿಸೆಲ್ ಎರಡು ಕುರ್ಚಿಗಳನ್ನೂ ಬರೆದಿದ್ದಾಳೆ, ಪಕ್ಕಪಕ್ಕದಲ್ಲಿ. ಪರವಾನಗಿಗೆ ಕುರ್ಚಿ ಬೇಕಿಲ್ಲವಂತೆ, ಸುಮ್ಮನೆ ಬರೆದಳಂತೆ. ಗೋರ್ಡಿಯ ಮೆಟ್ಟಿಲ ಜಾಗದಲ್ಲಿ ಇಷ್ಟು ಅಚ್ಚುಕಟ್ಟಾದದ್ದು ಬರುತ್ತದೆಯೇ ಎನ್ನಿಸಿತು.

ಆದರೆ ಒಂದು ತೊಡಕು. ನಗರಸಭೆಯ ಲೆಕ್ಕದಲ್ಲಿ ಇದು ಒಂದು ಡೆಕ್ ಅಲ್ಲ, ಎರಡು. ಎರಡು ನಿವೇಶನ, ಆದ್ದರಿಂದ ಎರಡು ಅರ್ಜಿ, ಎರಡು ನಕ್ಷೆ. ಗಡಿಯಲ್ಲಿ ಎರಡೂ ತಾಗಿಕೊಂಡಿರುತ್ತವೆ. ಗಡಿಗೆ ತಾಗಿಸಿ ಕಟ್ಟಲು ನಿಯಮ ಬಿಡದ ಕಾರಣ ರಿಯಾಯಿತಿ ಕೊಡುವ ಸಮಿತಿಯ ಮುಂದೆ ಇಬ್ಬರೂ ಹೋಗಿ ಕೇಳಬೇಕು.

"ಚಿಂತೆ ಮಾಡ್ಬೇಡಿ ಮಿಸೆಸ್ ಹ್ಯಾಸ್ಕೆಟ್," ಎಂದಳು ಜಿಸೆಲ್. "ಅಕ್ಕಪಕ್ಕದೋರು ಒಪ್ಪಿದ್ರೆ ಅವರು ಬೇಡ ಅನ್ನೋದು ಕಡಿಮೆ. ಹಾಳೆನ ಮಧ್ಯದಲ್ಲಿ ಕತ್ತರಿಸಿ ಎರಡು ಮಾಡ್ತೀನಿ, ಅಷ್ಟೇ."

ಲ್ಯೂಬಾಗೆ ತೋರಿಸಲು ಬಾಗಿಲು ತಟ್ಟಿದೆ. ಬಾಗಿಲನ್ನು ಅರ್ಧ ಮಾತ್ರ ತೆರೆದಳು. ಚೆನ್ನಾಗಿದೆ ಎಂದಳು. ಒಳಗೆ ಕರೆಯಲಿಲ್ಲ. ಎರಡು ವಾರದಿಂದ ಸಂಜೆ ಹೊರಗೂ ಬರುತ್ತಿಲ್ಲ. ಸೊಂಟ ನೋವಂತೆ.

ಜೂನ್ 6, ಶುಕ್ರವಾರ

ಇವತ್ತಿನದನ್ನು ಇವತ್ತೇ ಬರೆದಿಡುತ್ತೇನೆ.

ನನ್ನ ಬಾಗಿಲ ಎತ್ತರವನ್ನು ಇನ್ನೊಮ್ಮೆ ಅಳೆಯಲು ಜಿಸೆಲ್ ಬಂದಿದ್ದಳು. ಕಾಫಿ ಕೊಟ್ಟೆ. ಕಿಟಕಿಯಾಚೆ ನೋಡುತ್ತ ಅವಳು, "ಆ ಮರೆಗೋಡೆ ಬಂದ್ಮೇಲೆ ನಿಮ್ಮ ಅಡುಗೆಮನೆಗೆ ಸಂಜೆ ಬಿಸಿಲು ಕಡಿಮೆ ಆಗುತ್ತೆ. ಬಾಗಿಲಿಗೆ ಗಾಜು ಹಾಕ್ಸೋದು ಒಳ್ಳೇದು" ಎಂದಳು.

"ಯಾವ ಮರೆಗೋಡೆ?"

ಅವಳು ಕಪ್ಪು ಕೆಳಗಿಟ್ಟಳು. ಮುಖ ನೋಡಿದರೆ ಗೊತ್ತಾಗುತ್ತಿತ್ತು, ನನಗೆ ತಿಳಿದಿದೆ ಎಂದುಕೊಂಡಿದ್ದಳು. ಲ್ಯೂಬಾ ಫೋನು ಮಾಡಿ ತನ್ನ ಅರ್ಧದ ನಕ್ಷೆ ಬದಲಾಯಿಸಿದ್ದಾಳೆ. ಗಡಿಯ ಉದ್ದಕ್ಕೂ ಸಂದಿಲ್ಲದ ಮರದ ಗೋಡೆ. ಆಳೆತ್ತರಕ್ಕಿಂತ ಹೆಚ್ಚು. ಆ ಕಡೆಯವರು ಈ ಕಡೆಗೆ ಕಾಣದ ಹಾಗೆ.

"ನಿಮ್ಮಿಬ್ಬರಿಗೂ ಮಾತಾಗಿದೆ ಅಂದ್ಕೊಂಡೆ ನಾನು," ಎಂದಳು.

"ಆಗಿತ್ತು. ನಿನ್ನ ಮುಂದೇನೇ ಆಗಿತ್ತಲ್ಲಮ್ಮ. ಹೆಗಲ ಮೇಲೆ ಕೈ ಹಾಕಿದ್ದು ನೀನೂ ನೋಡಿದೆ."

ಅವಳು ಹೋದ ಮೇಲೆ ನೇರ ಲ್ಯೂಬಾಳ ಬಾಗಿಲಿಗೆ ಹೋದೆ. ಮುಂದಿನ ಬಾಗಿಲಿಗೆ, ಅಪರಿಚಿತರ ಹಾಗೆ ಗಂಟೆ ಒತ್ತಿ.

"ಗೋಡೆ ಕಟ್ತೀಯಂತಲ್ಲ."

ಅವಳ ಬಣ್ಣ ಇಳಿಯಿತು. "ಹೇಳ್ಬೇಕು ಅಂತಿದ್ದೆ."

"ಯಾವಾಗ? ಮೊಳೆ ಹೊಡೆದ ಮೇಲಾ?"

"ನಿನಗೋಸ್ಕರ ಅಲ್ಲ ಅದು. ನಮಗೆ ಬೇಕು. ಸ್ವಲ್ಪ ಮರೆ ಬೇಕು ಅಷ್ಟೇ."

"ಯಾರಿಂದ ಮರೆ? ಈ ಕಡೆ ಇರೋಳು ನಾನೊಬ್ಬಳೇ ಅಲ್ವೇನೇ?"

ಒಳಗೆ ಏನೋ ಬಿದ್ದು ಒಡೆದ ಸದ್ದಾಯಿತು. ಅದೇ ನೆಪ ಸಿಕ್ಕಿತೆಂದು ಬಾಗಿಲು ಹಾಕಿಕೊಂಡಳು. ನನ್ನ ಮುಖದ ಮೇಲೆ.

ಬೆನ್ನಿಗೆ ಚೂರಿ ಹಾಕುವುದು ಎಂದರೆ ಇದು. ಶತ್ರು ಮಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಗೋರ್ಡಿಯ ಬಟ್ಟೆಗಳನ್ನು ನನ್ನ ಜೊತೆ ಕೂತು ಮಡಚಿದವಳು ಇವಳು.

ಜೂನ್ 9, ಸೋಮವಾರ

ನಿದ್ದೆ ಇಲ್ಲ. ಅವರ ಗಡಿಯಾರ ಹೊಡೆಯುವುದನ್ನು ಕೇಳುತ್ತ ಮಲಗಿರುತ್ತೇನೆ. ಆ ಗಡಿಯಾರದ ಮೇಲೂ ಸಿಟ್ಟು.

ಜೂನ್ 19, ಗುರುವಾರ

ಎರಡೂ ಮನೆಯ ಮುಂದೆ ನಗರಸಭೆಯ ಬೋರ್ಡು ನೆಟ್ಟಿದ್ದಾರೆ. ಜುಲೈ ಹದಿನೇಳಕ್ಕೆ ಸಮಿತಿಯ ಸಭೆ. ಒಪ್ಪದವರು ಬಂದು ಹೇಳಬಹುದು, ಮೊದಲೇ ಬರೆದೂ ಕೊಡಬಹುದು. ನನ್ನ ಬೋರ್ಡಿನಲ್ಲಿ ಡೆಕ್ ಎಂದಷ್ಟೇ ಇದೆ. ಅವಳದರಲ್ಲಿ ಡೆಕ್ ಮತ್ತು ಮರೆಗೋಡೆ. ನಾಯಿ ಅಡ್ಡಾಡಿಸುವವರೆಲ್ಲ ನಿಂತು ಎರಡನ್ನೂ ಓದಿ, ಆಮೇಲೆ ನನ್ನ ಕಿಟಕಿ ನೋಡಿ ಹೋಗುತ್ತಾರೆ. ಪಕ್ಕದ ಮನೆಯವಳಿಗೆ ಬೇಡವಾದವಳು ಎಂದು ಹಲಗೆಯ ಮೇಲೆ ಬರೆಸಿ ಹುಲ್ಲಿನಲ್ಲಿ ನೆಟ್ಟ ಹಾಗಿದೆ.

ವರ್ನಾ ಫೋನು ಮಾಡಿದ್ದಳು. "ಸುಮ್ನೆ ಬಿಡ್ತೀಯಾ?"

"ಬಿಡೋದು ಎಲ್ಲಿ ಬಂತು," ಎಂದೆ.

ಜುಲೈ 1, ಮಂಗಳವಾರ

ದೇಶದ ಹುಟ್ಟುಹಬ್ಬ. ಪಾರ್ಕಿನಲ್ಲಿ ಪಟಾಕಿ. ಪ್ರತಿ ವರ್ಷ ನಾವಿಬ್ಬರೂ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದೆವು, ಓರೆಸ್ಟ್ ಹಿಂದೆ ನಿಂತು ಪ್ರತಿ ಬಣ್ಣಕ್ಕೂ ಅಂಕ ಕೊಡುತ್ತಿದ್ದ. ಈ ಸಲ ಒಬ್ಬಳೇ ಅಡುಗೆಮನೆಯ ಕಿಟಕಿಯಲ್ಲಿ ನಿಂತೆ.

ಮೊದಲ ಸದ್ದಿಗೇ ಓರೆಸ್ಟ್ ಅಂಗಳಕ್ಕೆ ಓಡಿ ಬಂದ. ಇಂಥ ಸೆಕೆಯಲ್ಲಿ ಚಳಿಗಾಲದ ದಪ್ಪ ಕೋಟು, ಕೆಳಗೆ ಬರೀ ಕಾಲು. ತೋಳು ಬೀಸಿ ಯಾರಿಗೋ "ಇಳಿಸು, ನಿಧಾನ, ಇಳಿಸು" ಎಂದು ಕೂಗುತ್ತಿದ್ದ. ಲ್ಯೂಬಾ ಹಿಂದಿನಿಂದ ತಬ್ಬಿ ಹಿಡಿದುಕೊಂಡಳು, ಅವನು ಅವಳನ್ನು ಒಂದು ಕೈಯಲ್ಲಿ ತಳ್ಳಿದ. ಅವಳು ಬಿದ್ದಳು. ಎದ್ದು ಮತ್ತೆ ಹಿಡಿದಳು. ನಾನು ಬಾಗಿಲ ಚಿಲಕಕ್ಕೆ ಕೈ ಹಾಕಿದವಳು ತೆಗೆಯಲಿಲ್ಲ. ಮರೆ ಬೇಕು ಎಂದವಳಲ್ಲವೇ, ಇರಲಿ. ಕುಡುಕನನ್ನು ಕಟ್ಟಿಕೊಂಡು ಗುಟ್ಟಾಗಿ ಏಗುತ್ತೇನೆ ಎನ್ನುವವಳಿಗೆ ನನ್ನ ಹಂಗೇಕೆ.

ಆಮೇಲೆ ಕೂತು ಸಮಿತಿಗೆ ಬರೆದೆ. ಮರೆಗೋಡೆಗೆ ನನ್ನ ಒಪ್ಪಿಗೆ ಇಲ್ಲ, ನನ್ನ ಅಡುಗೆಮನೆಗೆ ಬೆಳಕು ಸಾಯುತ್ತದೆ, ಬಂದು ಹೇಳುತ್ತೇನೆ ಎಂದು. ಡೆಕ್ಕಿನ ಬಗ್ಗೆ ಏನೂ ಬರೆಯಲಿಲ್ಲ. ಡೆಕ್ ಅವಳು ಕಟ್ಟಿಕೊಳ್ಳಲಿ. ಕೂತರೆ ನನ್ನ ಮುಖ ನೋಡುತ್ತ ಕೂರಬೇಕು.

ಜುಲೈ 17, ಗುರುವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಸಭೆ ನಗರಸಭೆಯ ಮೇಲಿನ ಮಹಡಿಯಲ್ಲಿ. ಐದು ಜನ ಎತ್ತರದ ಮೇಜಿನ ಹಿಂದೆ, ನಮಗೆ ಮಡಚುವ ಕುರ್ಚಿ, ನಡುವೆ ಒಂದು ಮೈಕು. ಯಾರದೋ ಗ್ಯಾರೇಜು, ಯಾರದೋ ಬಿಸಿಲುಕೋಣೆ. ಆಮೇಲೆ ನಮ್ಮಿಬ್ಬರ ಹೆಸರು ಒಟ್ಟಿಗೇ ಕರೆದರು. ಪರದೆಯ ಮೇಲೆ ಜಿಸೆಲ್‌ಳ ಎರಡು ನಕ್ಷೆ ಬಂದವು. ಎರಡೂ ಡೆಕ್ಕುಗಳಿಗೆ ಯಾರದೂ ತಕರಾರಿಲ್ಲ, ಎರಡಕ್ಕೂ ಒಪ್ಪಿಗೆ ಸಿಕ್ಕಿತು. ಉಳಿದದ್ದು ಗೋಡೆ.

ನಾನು ಚೆನ್ನಾಗಿಯೇ ಮಾತಾಡಿದೆ. ಬಸ್ಸಿನಲ್ಲಿ ನಲವತ್ತು ಮಕ್ಕಳನ್ನು ಸುಮ್ಮನಿರಿಸಿದ ದನಿ. ಸಂಜೆಯ ಬಿಸಿಲು ಆ ಕಡೆಯಿಂದಲೇ ಬರುತ್ತದೆ ಎಂದೆ, ಗೋಡೆ ಬಂದರೆ ನಾಲ್ಕು ಗಂಟೆಗೇ ದೀಪ ಹಾಕಬೇಕು ಎಂದೆ. ಅಷ್ಟಕ್ಕೇ ನಿಲ್ಲಿಸಬೇಕಿತ್ತು. "ಮುಚ್ಚಿಡೋವಂಥದ್ದು ಏನಿದೆ ಅಂತ ಗೋಡೆ ಕಟ್ತಿದಾರೆ, ಅದನ್ನೂ ಕೇಳಿ" ಎಂದೆ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು.

ಅಧ್ಯಕ್ಷರು ಕನ್ನಡಕ ತೆಗೆದು, "ಮಿಸೆಸ್ ಹ್ರಿನ್‌ಚುಕ್, ನಿಯಮಕ್ಕಿಂತ ಎತ್ತರದ ಗೋಡೆ ಯಾಕೆ ಬೇಕು ಅಂತ ನಮಗೆ ಹೇಳ್ಬೇಕಾಗುತ್ತೆ" ಎಂದರು.

ಲ್ಯೂಬಾ ಚರ್ಚಿಗೆ ಹಾಕುವ ನೀಲಿ ಕೋಟು ಹಾಕಿದ್ದಳು. ಮೈಕಿನ ಹತ್ತಿರ ಹೋಗಿ, "ಬರೆದು ಕೊಟ್ರೆ ಆಗಲ್ವಾ?" ಎಂದಳು.

"ಇಲ್ಲಿ ಎಲ್ಲಾ ಬಹಿರಂಗವಾಗೇ ಆಗ್ಬೇಕು, ಮೇಡಂ."

ಅವಳು ಮೈಕನ್ನು ತನ್ನ ಕಡೆ ಬಗ್ಗಿಸಿಕೊಂಡಳು.

"ನನ್ನ ಗಂಡನಿಗೆ ನೆನಪು ಹೋಗ್ತಿದೆ," ಎಂದಳು. "ಡಾಕ್ಟ್ರು ಹೋದ ಚಳಿಗಾಲದಲ್ಲೇ ಹೇಳಿದ್ರು. ಕೆಲವು ದಿನ ನಾನ್ಯಾರು ಅಂತ ಗೊತ್ತಿರುತ್ತೆ. ಮೈಮೇಲೆ ಬಟ್ಟೆ ಇದೆಯೋ ಇಲ್ವೋ ಅನ್ನೋದು ಒಂದೊಂದ್ಸಲ ಗೊತ್ತಾಗಲ್ಲ. ಒಳಗೆ ಕೂಡಿ ಹಾಕಿದ್ರೆ ಬಾಗಿಲು ಗುದ್ದುತ್ತಾರೆ. ಆಯಸ್ಸೆಲ್ಲ ಕ್ರೇನಿನ ಮೇಲೆ ಕೂತ ಮನುಷ್ಯ, ಅವರಿಗೆ ಆಕಾಶ ಕಾಣ್ಬೇಕು. ಹೊರಗೆ ಕೂತ್ಕೊಳ್ಳಲಿ, ಆದ್ರೆ ಯಾರೂ ನೋಡಿ ನಗೋದು ಬೇಡ ಅಂತ."

ಅವಳು ಹೋಗುವವಳು ಮತ್ತೆ ಮೈಕಿಗೆ ಬಾಗಿದಳು.

"ನಮ್ಮ ಬೀದೀಲಿ ಅವರು ಕುಡೀತಾರೆ ಅಂತ ಮಾತಿದೆ. ಕುಡಿಯಲ್ಲ. ಅಂದ್ಕೊಳ್ಳಲಿ ಅಂತ ನಾನೇ ಸುಮ್ನಿದ್ದೆ. ಇದಕ್ಕಿಂತ ಅದೇ ವಾಸಿ ಅನ್ನಿಸ್ತು."

ಅಧ್ಯಕ್ಷರು ನನ್ನ ಕಡೆ ತಿರುಗಿದರು. "ನಿಮ್ಮ ಆಕ್ಷೇಪ ಹಾಗೇ ಇದೆಯಾ?"

ನಾನು ಎದ್ದು ನಿಂತಿದ್ದೇನೆ ಎಂದು ಗೊತ್ತಿತ್ತು. ಬಾಯಿ ತೆರೆದೆ. ಇಲ್ಲ ಎನ್ನುವುದು ಒಂದೇ ಪದ, ಅದು ಬರಲಿಲ್ಲ. ಅವರು ಕಾದರು, ಆಮೇಲೆ ತಮ್ಮತಮ್ಮಲ್ಲೇ ತಲೆ ಕೂಡಿಸಿ ಮಾತಾಡಿದರು. ಮನಸ್ಸಿಗೆ ಕಷ್ಟವಾಗುತ್ತದೆ, ಆದರೆ ನೆರೆಯವರ ಆಕ್ಷೇಪ ಇರುವಾಗ ಗಡಿಯ ಮೇಲೆ ಅಷ್ಟು ಎತ್ತರದ ಗೋಡೆಗೆ ಒಪ್ಪಲಾಗದು ಎಂದರು. ಮುಂದಿನ ಹೆಸರು ಕರೆದರು.

ಹೊರಗೆ ಲಿಫ್ಟಿನ ಹತ್ತಿರ ಅವಳನ್ನು ಹಿಡಿದೆ.

"ನನಗೊಂದು ಮಾತು ಹೇಳಬಾರದಿತ್ತೇನೇ?"

ಅವಳು ಅಳುತ್ತಿರಲಿಲ್ಲ. "ಹೇಳೋಕೆ ಶುರು ಮಾಡಿದ್ದೆ, ಡೋರೀನ್. ಟೊಮೇಟೊ ವಿಷಯ ನಿನಗೊಬ್ಬಳಿಗೇ ಅಂತ ಹೇಳಿದೆ. ಆ ಶನಿವಾರವೇ ಬೇಕರಿಗೆ ಬಂದೋರೆಲ್ಲ ಟೊಮೇಟೊ ಹೇಗಿದೆ ಅಂತ ಕೇಳಿದ್ರು. ಒಬ್ಬರು ಬಾಟಲಿ ಹಿಡಿದ ಹಾಗೆ ಮಾಡಿ ತೋರಿಸಿದ್ರು."

ಲಿಫ್ಟು ಬಂತು. ಅವಳು ಹತ್ತಿದಳು. ನಾನು ಮೆಟ್ಟಿಲು ಇಳಿದು ಬಂದೆ.

ಒಂದು ಮಾತು ಬರೆದು ಮಲಗುತ್ತೇನೆ. ನನಗೆ ಹೇಳಲಿಲ್ಲ, ಮೈಕಿಗೆ ಹೇಳಿದಳು. ಹಿಂದಿನ ಸಾಲಿನಲ್ಲಿ ಕೂತಿದ್ದ, ಹೆಸರೂ ಗೊತ್ತಿಲ್ಲದವರಿಗೆ ಹೇಳಿದಳು. ಚಳಿಗಾಲದಿಂದ ಗೋಡೆಯ ಆಚೆ ಇದನ್ನು ಇಟ್ಟುಕೊಂಡು, ಈಚೆ ನನ್ನ ಜೊತೆ ಚಹಾ ಕುಡಿದಳು.

ಜುಲೈ 18, ಶುಕ್ರವಾರ

ಗೆದ್ದೆ. ಸಂಜೆ ಅಡುಗೆಮನೆ ತುಂಬ ಬಿಸಿಲು ಬಂತು. ಅದನ್ನೇ ನೋಡುತ್ತ ಕೂತೆ. ಮೀನೂಟಕ್ಕೆ ಹೋಗಲಿಲ್ಲ.

ಜುಲೈ 25, ಶುಕ್ರವಾರ

ವರ್ನಾ ಕಾರು ತಂದು ಹಾರನ್ ಹೊಡೆದದ್ದರಿಂದ ಹೋಗಬೇಕಾಯಿತು. ಲೀಜನ್ನಿನಲ್ಲಿ ಇಡೀ ಮೇಜು ನನ್ನ ಕಡೆ ವಾಲಿ ಕೂತಿತ್ತು.

"ಹೇಳು ಮಾರಾಯ್ತಿ, ಸಮಿತೀಲಿ ಏನಾಯ್ತು? ಅವಳೇನಂದ್ಳು?"

"ಗೋಡೆ ಎತ್ತರದ ವಿಷಯ. ಆಗಲ್ಲ ಅಂದ್ರು."

"ಅಷ್ಟೇನಾ? ಅವನು ಇನ್ನೂ ಕುಡೀತಾನಾ?"

"ನನಗೇನು ಗೊತ್ತು. ನಾನೇನು ಅವರ ಮನೇಲಿದೀನಾ? ಮೀನು ತಣ್ಣಗಾಗ್ತಿದೆ, ತಿನ್ನಿ."

ವರ್ನಾ ನನ್ನ ಹಣೆ ಮುಟ್ಟಿ ನೋಡಿದಳು, ಜ್ವರ ಇದೆಯೋ ಎಂದು. ಯಾಕೆ ಹಾಗೆ ಮಾಡಿದಳೋ. ಮೀನಿಗೆ ಇವತ್ತು ಉಪ್ಪು ಕಡಿಮೆ, ಎಣ್ಣೆ ಹಳೆಯದು. ಅವಳು ಇನ್ನೊಂದು ಕಥೆ ಎತ್ತುವ ಮೊದಲೇ ಬಸ್ಸು ಹಿಡಿದು ಮನೆಗೆ ಬಂದೆ.

ಜುಲೈ 29, ಮಂಗಳವಾರ

ಬೆಳಿಗ್ಗೆ ಓರೆಸ್ಟ್ ಬೇಲಿಯ ಹತ್ತಿರ ಬಂದ. ಒಳಂಗಿ ಮಾತ್ರ, ಕಾಲಿಗೆ ಒಂದೇ ಚಪ್ಪಲಿ. ಗೋರ್ಡಿ ಎಲ್ಲಿ ಎಂದ.

"ಕೆಲಸಕ್ಕೆ ಹೋಗಿದಾನೆ," ಎಂದೆ. "ಬಂದ್ಮೇಲೆ ಏಣಿ ಕಳಿಸ್ತೀನಿ."

ಸಮಾಧಾನವಾಗಿ ತಲೆಯಾಡಿಸಿದ. ಆಚೆ ರಸ್ತೆಯಲ್ಲಿ ಪೋಸ್ಟಿನ ಹುಡುಗಿ ಬರುತ್ತಿದ್ದಳು, ಅವಳಿಗೆ ಕಾಣಬಾರದೆಂದು ಒದ್ದೆ ದುಪ್ಪಟಿಯನ್ನು ತಂತಿಗೆ ಹರವಿದೆ. ಲ್ಯೂಬಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನಾನು ಅವಳ ಕಡೆ ನೋಡಲಿಲ್ಲ. ನೋಡುವುದೂ ಇಲ್ಲ. ಅವಳು ಮಾಡಿದ್ದನ್ನು ನಾನಿನ್ನೂ ಮರೆತಿಲ್ಲ.

ದುಪ್ಪಟಿ ಒಣಗಿದರೂ ಸಂಜೆಯವರೆಗೆ ತೆಗೆಯಲು ಮರೆತೆ.

ಆಗಸ್ಟ್ 5, ಮಂಗಳವಾರ

ಜಿಸೆಲ್‌ಳನ್ನು ಕರೆಸಿದೆ. ನನ್ನ ನಕ್ಷೆ ಬದಲಾಯಿಸಬೇಕು ಎಂದೆ. ಅವಳು ಹೆದರಿದವಳ ಹಾಗೆ ಕುರ್ಚಿಯ ತುದಿಯಲ್ಲಿ ಕೂತಳು.

"ಗಡಿ ಮೇಲೆ ತಾನೆ ಎತ್ತರದ ಗೋಡೆ ಕಟ್ಟಬಾರದು? ಗಡಿಯಿಂದ ಒಳಗೆ, ನನ್ನ ಜಾಗದಲ್ಲಿ ಕಟ್ಟಿದ್ರೆ?"

ಅವಳು ಪೆನ್ಸಿಲು ಹುಡುಕಿದಳು. "ಎರಡಡಿ ಒಳಗೆ ಬಂದ್ರೆ ಯಾರನ್ನೂ ಕೇಳ್ಬೇಕಾಗಿಲ್ಲ. ಪರವಾನಗಿ ನಕ್ಷೆಲಿ ತೋರಿಸಿದ್ರೆ ಸಾಕು. ಆದ್ರೆ ಗೋಡೆಯಿಂದ ಆಚೆ ಉಳಿಯೋ ಎರಡಡಿ ನೆಲ ಅವರ ಕಡೆ ಸೇರಿದ ಹಾಗೇ ಆಗುತ್ತೆ, ನಿಮಗೆ ಉಪಯೋಗ ಇಲ್ಲ."

"ಸೇರಲಿ. ಓರೆಸ್ಟ್ ದಪ್ಪಗಿದಾನೆ, ಓಡಾಡೋಕೆ ಜಾಗ ಬೇಕು."

"ಬಿಸಿಲು?"

"ದೀಪ ಇದೆಯಲ್ಲಮ್ಮ ಮನೇಲಿ."

ಅವಳು ಗೆರೆ ಎಳೆದಳು. ಅಡುಗೆಮನೆಯ ಕಿಟಕಿಯ ಮುಂದೆಯೇ ಹಾದುಹೋಯಿತು ಗೆರೆ. ಒಂದು ತುದಿಯಿಂದ ಇನ್ನೊಂದು ತುದಿಗೆ, ಸಂದಿಲ್ಲದೆ. ನೋಡುತ್ತ ನೋಡುತ್ತ ನನಗೆ ಅದು ಸರಿ ಕಾಣಲಿಲ್ಲ.

"ಇಲ್ಲೊಂದು ಬಾಗಿಲು ಬಿಡು," ಎಂದೆ.

ಬಾಗಿಲು ಬರೆದಳು. "ಚಿಲಕ ಯಾವ ಕಡೆ?"

"ಅವಳ ಕಡೆ."

"ನಿಮ್ಮ ಕಡೆಯಿಂದ ತೆಗೆಯೋಕೆ ಏನು ಹಾಕಲಿ?"

"ಏನೂ ಬೇಡ."

ಜಿಸೆಲ್ ಬಾಗಿಲಿನ ಆಚೆ ಬದಿಗೆ ಚಿಲಕವನ್ನು ಗುರುತು ಮಾಡಿ, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಏನೋ ಬರೆದಳು. ಹಾಳೆ ಸುತ್ತಿ ಕೈಗೆ ಕೊಡಲು ಬಂದಳು. ನಾನು ತೆಗೆದುಕೊಳ್ಳಲಿಲ್ಲ.

"ಇದನ್ನ ನೀನೇ ಪಕ್ಕದ ಮನೆಗೆ ತಗೊಂಡು ಹೋಗಿ ತೋರಿಸು," ಎಂದೆ. "ನಾನು ಅವಳ ಹತ್ರ ಮಾತಾಡ್ತಿಲ್ಲ."